ಪುಣೆಯ ಚಳಿ ಮತ್ತು ಕರಾವಳಿಯ ಮಲ್ಲಿಗೆ

ಪ್ರಶ್ನೆ: ಕೋಥ್ರೂಡಿನ ನಮ್ಮ ಮನೆಯ ತಾರಸಿಯಲ್ಲಿ ಉಡುಪಿಯಿಂದ ತಂದು ನೆಟ್ಟ ಮಲ್ಲಿಗೆ ಇದೆ. ಕಳೆದ ಡಿಸೆಂಬರಿನಲ್ಲಿ ಅದು ಹೂ ಬಿಡುವುದನ್ನು ನಿಲ್ಲಿಸಿತು, ಎಲೆಗಳು ಹಳದಿಯಾಗಿ ಉದುರಿದವು. ಗೊಬ್ಬರ ಸಾಲದೆಂದು ನೆರೆಯವರು ಹೇಳುತ್ತಾರೆ. ಗುಲಾಬಿ, ತುಳಸಿ, ಕರಿಬೇವುಗಳೂ ಇವೆ. ಈ ಬಾರಿ ಚಳಿಗೆ ಮುನ್ನ ಏನು ಮಾಡಬೇಕು?
– ಓದುಗರೊಬ್ಬರು, ಪುಣೆ

ಉತ್ತರ: ದೋಷ ಗೊಬ್ಬರದ್ದಲ್ಲ ಎಂದೇ ತೋರುತ್ತದೆ. ಕರಾವಳಿಯ ಬೆಚ್ಚನೆಯ ಹವೆಗೆ ಒಗ್ಗಿದ ಈ ಗಿಡ, ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಪುಣೆಯಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುತ್ತದೆ. ಆಗ ಹಾಕಿದ ಗೊಬ್ಬರ ಬಹುಮಟ್ಟಿಗೆ ವ್ಯರ್ಥ, ಎರೆದ ಹೆಚ್ಚಿನ ನೀರಂತೂ ಕುಂಡದಲ್ಲೇ ನಿಂತು ಬೇರನ್ನು ಕೊಳೆಸುತ್ತದೆ. ನವೆಂಬರ್ ಕೊನೆಯಿಂದಲೇ ನೀರು ಕಡಿಮೆ ಮಾಡಿ, ಬೆರಳನ್ನು ಎರಡು ಅಂಗುಲ ಇಳಿಸಿದಾಗ ಮಣ್ಣು ಒಣಗಿದ್ದರೆ ಮಾತ್ರ, ಅದೂ ಬೆಳಗಿನ ವೇಳೆ, ನೀರೆರೆಯಿರಿ. ಡಿಸೆಂಬರ್ ಮುಗಿಯುವುದರೊಳಗೆ ಒಣಗಿದ ಕಡ್ಡಿ ಹಾಗೂ ಸಪೂರ ರೆಂಬೆಗಳನ್ನು ತೆಗೆದು, ಉಳಿದವನ್ನು ಅರ್ಧಕ್ಕೆ ಕತ್ತರಿಸಿ. ಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಕತ್ತರಿ ಹಾಕಲು ಮನಸ್ಸು ಬಾರದವರ ಗಿಡ ಬಳ್ಳಿಯಂತೆ ಉದ್ದವಾಗುತ್ತದೆ, ಹೂ ಮಾತ್ರ ಕಡಿಮೆ. ಗೆಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಚಿಗುರು ಕಂಡ ಮೇಲೆ ಬುಡ ಬಿಡಿಸಿ, ಎರೆಗೊಬ್ಬರವನ್ನೂ ನೆನೆಸಿ ತಿಳಿಗೊಳಿಸಿದ ನೆಲಗಡಲೆ ಹಿಂಡಿಯ ನೀರನ್ನೂ ಕೊಡಿ.

ಅದಕ್ಕೂ ಮುನ್ನ, ಮಳೆ ಹಿಂದೆಗೆದ ಕೂಡಲೇ, ಎಲ್ಲ ಕುಂಡಗಳನ್ನೂ ಪರೀಕ್ಷಿಸಬೇಕು. ನಾಲ್ಕು ತಿಂಗಳ ಮಳೆಗೆ ಮಣ್ಣು ಗಟ್ಟಿಯಾಗಿ ಪಾಚಿ ಕಟ್ಟಿರುತ್ತದೆ, ತಳದ ತೂತು ಬೇರು, ಕೆಸರುಗಳಿಂದ ಮುಚ್ಚಿರುತ್ತದೆ. ಖುರ್ಪಿಯಿಂದ (ಕಳೆ ಕೀಳುವ ಕೈ ಸಲಕರಣೆ) ಮೇಲ್ಮಣ್ಣನ್ನು ಕೆದಕಿ, ತೂತನ್ನು ಕಡ್ಡಿಯಿಂದ ಬಿಡಿಸಿ.

ಗುಲಾಬಿಯ ರೀತಿ ಮಲ್ಲಿಗೆಗೆ ತದ್ವಿರುದ್ಧ. ಚಳಿಯೇ ಅದರ ಸುಗ್ಗಿ. ಅಕ್ಟೋಬರ್ ಮಧ್ಯದಲ್ಲಿ, ಹೊರಮುಖವಾಗಿರುವ ಚಿಗುರುಗಣ್ಣಿನ ತುಸು ಮೇಲೆ ಓರೆಯಾಗಿ ಸವರಿ ಗೊಬ್ಬರ ಕೊಟ್ಟರೆ ಸುಮಾರು 45ರಿಂದ 50 ದಿನಗಳಲ್ಲಿ ಹೂ ಬರುತ್ತದೆ. ಕಸಿ ಗಂಟಿನ (ಕಸಿ ಕಟ್ಟಿದ ಜಾಗದ) ಕೆಳಗಿನಿಂದ ಹೊರಟ ಚಿಗುರುಗಳನ್ನು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿ.

ಕರಿಬೇವಿಗೆ ನೀರು ತಗ್ಗಿಸಿದರೆ ಸಾಕು. ತುಳಸಿಯು ಚಳಿಗೆ ಸೊರಗುವ ಗಿಡವಾದ್ದರಿಂದ, ಉತ್ಥಾನ ದ್ವಾದಶಿಯ ಪೂಜೆ ಮುಗಿದ ಬಳಿಕ ಕಂದು ತಿರುಗಿದ ತೆನೆಗಳನ್ನು ಕತ್ತರಿಸಿ ಬೀಜ ತೆಗೆದಿರಿಸಿ, ಕುಂಡವನ್ನು ಬಿಸಿಲು ಬೀಳುವ ಗೋಡೆಯ ಬದಿಗೆ ಸರಿಸಿ. ಪ್ಲಾಸ್ಟಿಕ್ ಹೊದಿಕೆಯ ಅಗತ್ಯ ಪುಣೆಯಲ್ಲಿಲ್ಲ. ಖಾಲಿ ಕುಂಡಗಳಿದ್ದರೆ ಮೆಂತೆಯನ್ನೂ, ಉಜ್ಜಿ ಎರಡು ಹೋಳು ಮಾಡಿದ ಕೊತ್ತಂಬರಿ ಬೀಜವನ್ನೂ ಈಗಲೇ ಬಿತ್ತಬಹುದು.