ಮೇಷ್ಟ್ರುಗಳ ವಾರ್ಸಾ ಪ್ರವಾಸ ಯಾಕೆ?

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಓದುಗರೊಬ್ಬರು ಕೇಳಿದ್ದಾರೆ: ‘ಯಹೂದಿಗಳ ಇತಿಹಾಸ ಕಲಿಯಲು ಎಷ್ಟೋ ದೇಶಗಳ ಶಿಕ್ಷಕರು ಗುಂಪು ಕಟ್ಟಿಕೊಂಡು ಪೋಲೆಂಡಿಗೆ ಹೋಗುತ್ತಾರಂತೆ. ಪುಸ್ತಕದಲ್ಲೇ ಎಲ್ಲ ಇದೆಯಲ್ಲ? ಸಾವಿನ ಜಾಗ ನೋಡಿ ಬಂದು ಮಕ್ಕಳಿಗೆ ಏನು ಹೇಳುವುದು?’

ಮೇಷ್ಟ್ರೇ, ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ನಾಜಿಗಳು ಯಹೂದಿಗಳನ್ನು ಕೊಂದ ಆಶ್‌ವಿಟ್ಜ್ ಶಿಬಿರ ನೋಡಿ, ಕಣ್ಣೊರೆಸಿಕೊಂಡು ವಾಪಸ್ ಬರುವುದಷ್ಟೇ ಆದರೆ ಟಿಕೆಟ್ ದುಡ್ಡು ದಂಡ. ಆದರೆ ಶಿಕ್ಷಕರು ಅಲ್ಲಿ ಹುಡುಕಬೇಕಾದ್ದು ಇನ್ನೊಂದಿದೆ. ಆ ಹೊತ್ತಿನಲ್ಲಿ ಅಲ್ಲಿನ ಶಿಕ್ಷಕರು ಏನು ಮಾಡಿದರು?

ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದ ಯಹೂದಿಗಳನ್ನು ನಾಜಿಗಳು ಗೋಡೆ ಕಟ್ಟಿ ಒಳಗೆ ಕೂಡಿಹಾಕಿದ್ದರು. ಆ ಗೋಡೆಯೊಳಗೆ ಎಮಾನುಯೆಲ್ ರಿಂಗೆಲ್‌ಬ್ಲುಮ್ ಅನ್ನುವ ಇತಿಹಾಸಕಾರ ಗುಟ್ಟಾಗಿ ಒಂದು ತಂಡ ಕಟ್ಟಿದರು. ಯುದ್ಧಕ್ಕೆ ಮುಂಚೆ ಅವರೂ ಹೈಸ್ಕೂಲ್ ಮೇಷ್ಟ್ರೇ. ತಂಡದ ಕೆಲಸ ಕಾಗದ ಕೂಡಿಸುವುದು. ಡೈರಿ, ರೇಷನ್ ಕಾರ್ಡು, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ಮಕ್ಕಳು ಬರೆದ ಪ್ರಬಂಧ, ಯಾವುದನ್ನೂ ಬಿಡಲಿಲ್ಲ. 1942ರ ಆಗಸ್ಟ್‌ನಲ್ಲಿ ಟ್ರೆಬ್ಲಿಂಕಾ ಅನ್ನುವ ಕೊಲೆ ಶಿಬಿರಕ್ಕೆ ದಿನಾ ರೈಲು ತುಂಬಿ ಜನರನ್ನು ಸಾಗಿಸುತ್ತಿದ್ದಾಗ, ಇಸ್ರಾಯೆಲ್ ಲಿಖ್ಟೆನ್‌ಸ್ಟೈನ್ ಅನ್ನುವ ಶಿಕ್ಷಕರು ಇದನ್ನೆಲ್ಲ ಹತ್ತು ತಗಡಿನ ಪೆಟ್ಟಿಗೆಗಳಲ್ಲಿಟ್ಟು ನೊವೊಲಿಪ್ಕಿ ಬೀದಿಯ ಶಾಲೆಯೊಂದರ ನೆಲದಡಿ ಹೂತರು. ಕೈಜೋಡಿಸಿದವರು ಇಬ್ಬರು ಹಳೇ ವಿದ್ಯಾರ್ಥಿಗಳು. ಒಬ್ಬನಿಗೆ 18, ಇನ್ನೊಬ್ಬನಿಗೆ 19. ಮೂವರಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು. ಆಮೇಲೆ ಕಾಗದ ತುಂಬಿ ಹೂತಿದ್ದ ಎರಡು ಹಾಲಿನ ಕ್ಯಾನು 1950ರಲ್ಲಿ.

ಇಷ್ಟನ್ನು ಪುಸ್ತಕದಲ್ಲೂ ಓದಬಹುದು, ಒಪ್ಪಿದೆ. ಒಟ್ಟಿಗೆ ಹೋಗುವುದರ ಲಾಭ ಸಂಜೆ ಶಿಕ್ಷಕರೆಲ್ಲ ಕೂತು ಮಾಡುವ ವಾದದಲ್ಲಿದೆ. ಹೆಣಗಳ ಫೋಟೋ ಎಂಟನೇ ಕ್ಲಾಸಿಗೆ ತೋರಿಸಬೇಕೋ ಬೇಡವೋ? ಮಕ್ಕಳಿಂದ ನಾಜಿ, ಯಹೂದಿ ಪಾತ್ರ ಮಾಡಿಸಬಹುದೇ? (ಬೇಡ ಅನ್ನುತ್ತದೆ ಯಹೂದಿಗಳ ಈ ನರಮೇಧದ ನೆನಪಿಗಿರುವ ವಾಷಿಂಗ್ಟನ್ನಿನ ಹೋಲೋಕಾಸ್ಟ್ ಮ್ಯೂಸಿಯಂ. ನನಗೂ ಅದೇ ಸರಿ ಅನ್ನಿಸುತ್ತದೆ. ಆ ಸಂಕಟ ಆಡಿ ತಿಳಿಯುವಂಥದ್ದಲ್ಲ.) ಇಂಥವಕ್ಕೆ ಒಬ್ಬರೇ ಕೂತು ಉತ್ತರ ಹುಡುಕುವುದು ಕಷ್ಟ.

ಸಾವಿನ ಮಾತಿಗೆ ಬರುತ್ತೇನೆ. ವಾರ್ಸಾದಲ್ಲಿ ಪೋಲಿನ್ ಅನ್ನುವ ಮ್ಯೂಸಿಯಂ ಇದೆ. ಪೋಲೆಂಡಿನ ಯಹೂದಿಗಳ ಸಾವಿರ ವರ್ಷದ ಕಥೆ ಅಲ್ಲಿದೆ. ವ್ಯಾಪಾರ, ಹಬ್ಬ, ಪತ್ರಿಕೆ, ರಾಜಕೀಯ, ಜಗಳ ಎಲ್ಲ ಉಂಟು. ಮಕ್ಕಳಿಗೆ ಅಲ್ಲಿಂದಲೇ ಶುರು ಮಾಡಿ. ಆ ಜನ ಹೇಗೆ ಬದುಕಿದ್ದರು ಅಂತ ಗೊತ್ತಿಲ್ಲದೆ ಏನು ಹೋಯಿತು ಅಂತ ಹೇಗೆ ತಿಳಿಯಬೇಕು, ಅಲ್ವಾ?

ಪ್ರವಾಸಕ್ಕೆ ದುಡ್ಡಿಲ್ಲದವರೇ ನಮ್ಮಲ್ಲಿ ಜಾಸ್ತಿ. ರಿಂಗೆಲ್‌ಬ್ಲುಮ್ ತಂಡದ ಕಾಗದಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಇಟ್ಟಿದ್ದಾರೆ, ಕೆಲವಕ್ಕೆ ಇಂಗ್ಲಿಷ್ ಅನುವಾದವೂ ಇದೆ. ಸ್ಟಾಫ್ ರೂಮಿನಲ್ಲಿ ಇನ್ನೂ ಮೂರ್ನಾಲ್ಕು ಜನರನ್ನು ಕೂರಿಸಿಕೊಂಡು ನೋಡಿ. ಗಣಿತದವರನ್ನೂ ಕರೆಯಿರಿ.