ಟ್ಯಾಬ್ಲೆಟ್ ಆಮೇಲೆ, ಮೊದಲು ಒಂದು ಎ4 ಹಾಳೆ

ಅಜ್ಜಿ ಹೇಳುತ್ತಿದ್ದ ಹಲಸಿನ ಮರದ ಕಥೆಯನ್ನು ಕಾಮಿಕ್ಸ್ ಮಾಡಬೇಕು, ಡ್ರಾಯಿಂಗ್ ಟ್ಯಾಬ್ಲೆಟ್ ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿ, 8 ಮನೆ ಸಿಗುತ್ತವೆ. ನಡುವಿನ ಉದ್ದ ಗೆರೆಯಲ್ಲಿ ಮಧ್ಯದ ಎರಡು ಮನೆಯಷ್ಟು ಮಾತ್ರ ಕತ್ತರಿಸಿ ಮಡಚಿದರೆ 8 ಪುಟದ ಪುಟ್ಟ ಪುಸ್ತಕ ರೆಡಿ. ಮೊದಲ ಕಥೆಗೆ ಅಷ್ಟು ಸಾಕು.

ಎಲ್ಲರೂ ಎಡವುವುದು ಮಾತಿನಲ್ಲಿ. ನಾನೂ ಚಿತ್ರ ಮುಗಿಸಿ ಆಮೇಲೆ ಮಾತು ತುರುಕಿ ಒಂದಿಡೀ ಪುಟ ಹಾಳು ಮಾಡಿಕೊಂಡಿದ್ದೆ. ಮೊದಲು ಪೆನ್ಸಿಲ್‌ನಲ್ಲಿ ಮಾತು ಬರೆಯಿರಿ, ಸುತ್ತ ಬಲೂನ್, ಅಂದರೆ ಮಾತಿನ ಗುಳ್ಳೆ, ಎಳೆಯಿರಿ, ಉಳಿದ ಜಾಗದಲ್ಲಿ ಚಿತ್ರ. ಕನ್ನಡದಲ್ಲಿ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು. ‘ಅಜ್ಜಿ’ಯ ಒತ್ತು ಕೆಳಗಿಳಿದು ಮುಂದಿನ ಸಾಲಿನ ‘ಕಿವಿ’ಯ ಗುಡಿಸಿಗೆ ತಾಗಿಬಿಡುತ್ತದೆ. ಮೊದಲು ಮಾತಾಡುವವರ ಬಲೂನ್ ಎಡಕ್ಕೆ, ಮೇಲೆ ಇರಲಿ. ನಾವು ಓದುವುದೇ ಹಾಗಲ್ವಾ?

ಚಿತ್ರ ಚೆನ್ನಾಗಿ ಬರಲ್ಲ ಅಂತ ಹೆದರಬೇಡಿ. ಪ್ರತಿ ಪುಟದಲ್ಲೂ ಅಜ್ಜಿ ಅಂತ ಗುರುತು ಸಿಕ್ಕರೆ ಸಾಕು, ತುರುಬು, ಕನ್ನಡಕ, ಅಷ್ಟೇ. ಒಂದು ಪುಟಕ್ಕೆ ಮಾತೇ ಬೇಡ. ಮೇಣ ಅಂಟದ ಹಾಗೆ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿರುವ ಅಜ್ಜಿಯ ಬೆರಳುಗಳನ್ನಷ್ಟೇ ಪುಟ ತುಂಬಾ ಬರೆಯಿರಿ.