ಬಳ್ಳಿ ಗುಲಾಬಿ ಎತ್ತರಕ್ಕೆ ಹೋಯಿತು, ಹೂ ಮಾತ್ರ ಇಲ್ಲ

ಪ್ರಶ್ನೆ: ಕಾಂಪೌಂಡಿಗೆ ಹಬ್ಬಿಸಿದ ಬಳ್ಳಿ ಗುಲಾಬಿಗೆ ಮೂರು ವರ್ಷ. ಹೋದ ವರ್ಷ ಮೊಳದುದ್ದಕ್ಕೆ ಸವರಿದ್ದೆವು. ಮತ್ತೆ ಹತ್ತಡಿ ಎದ್ದಿದೆ, ತುದಿಯಲ್ಲಷ್ಟೇ ನಾಲ್ಕು ಹೂ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿವೆ. ಹಾಯಿಸುವುದು ಬೋರ್‌ವೆಲ್ ನೀರು.
– ಓದುಗರು, ಚಿಂತಾಮಣಿ

ಉತ್ತರ: ಹಾಗೆ ಸವರಿದ್ದೇ ತಪ್ಪಾಯಿತು. ನಿಮ್ಮ ಸುತ್ತಮುತ್ತ ಮಾರಾಟಕ್ಕೆ ಬೆಳೆಯುವ ಗುಲಾಬಿಗೆ ಗಿಡ್ಡ ಚಾಟನಿ (ಸವರುವಿಕೆ) ಸರಿ. ಬಳ್ಳಿ ಗುಲಾಬಿ ಹೆಚ್ಚು ಹೂ ಬಿಡುವುದು ಉದ್ದ ಕೊಂಬೆಗಳಿಂದ ಮೂಡುವ ಗೇಣುದ್ದದ ಪಕ್ಕದ ರೆಂಬೆಗಳಲ್ಲಿ. ಕೊಂಬೆ ನೆಟ್ಟಗೆ ನಿಂತರೆ ತುದಿಚಿಗುರು ಕೆಳಗಿನ ಕಣ್ಣುಗಳನ್ನು ಏಳಗೊಡುವುದಿಲ್ಲ. ಅಡ್ಡ ಬಗ್ಗಿಸಿದರೆ ಗಿಣ್ಣು ಗಿಣ್ಣಿಗೂ ಚಿಗುರೊಡೆಯುತ್ತದೆ.

ಗೋಡೆಯಿಂದ ಮೂರು ಇಂಚು ಈಚೆಗೆ, ಒಂದೂವರೆ ಅಡಿಗೊಂದು ಅಡ್ಡ ತಂತಿ ಎಳೆಯಿರಿ. ನೀರು ಕೊಟ್ಟ ಮರುದಿನ ಹಸಿರು ಕೊಂಬೆಗಳನ್ನು ಬೀಸಣಿಗೆಯಂತೆ ಎರಡೂ ಕಡೆ ಹರಡಿ. ಒಂದೇ ಸಲ ಬಗ್ಗಿಸಬೇಡಿ, ಬುಡದಲ್ಲೇ ಸೀಳುತ್ತದೆ. ಎರಡು ಮೂರು ವಾರದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ. ಗೋಣಿ ದಾರವನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ತಂತಿಯಿಂದ ಬಿಗಿದರೆ ಕೊಂಬೆ ದಪ್ಪವಾದಂತೆ ತೊಗಟೆ ಕೊಯ್ಯುತ್ತದೆ. ಮಳೆ ಮುಗಿದ ಮೇಲೆ ಒಣಗಿದ್ದನ್ನು ತೆಗೆದು, ಹೂ ಬಿಟ್ಟ ಪಕ್ಕದ ರೆಂಬೆಗಳನ್ನಷ್ಟೇ ಎರಡು ಮೂರು ಕಣ್ಣು ಉಳಿಸಿ ಸವರಿ.

ಎಲೆಯ ಹಳದಿ ಕಬ್ಬಿಣದ ಕೊರತೆಯ ಗುರುತು. ಯೂರಿಯಾದಿಂದ ಹೋಗುವುದಲ್ಲ. ಗಡಸು ನೀರಿನ ಸುಣ್ಣ ಮಣ್ಣಿಗೆ ಸೇರುತ್ತಾ ಬಂದರೆ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಬುಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಆಮೇಲೆ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ, ಮೂರು ಸಲ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ತಾರಸಿಯ ಮಳೆನೀರು ಹಿಡಿದಿಟ್ಟು ಕೊಟ್ಟರೆ ಇನ್ನೂ ಒಳ್ಳೆಯದು. ಬುಡದಲ್ಲಿ ನೀರು ನಿಂತರೂ ಎಲೆ ಹೀಗೇ ಹಳದಿಯಾಗುತ್ತದೆ.

ಹಾಗೆಯೇ ಕಸಿ ಗಂಟಿನ (ಬುಡದಲ್ಲಿ ಕಸಿ ಕಟ್ಟಿದ ಜಾಗದ ಉಬ್ಬಿನ) ಸುತ್ತ ಮಣ್ಣು ಸರಿಸಿ ನೋಡಿ. ಗಂಟಿನ ಕೆಳಗಿಂದ ಎದ್ದ ಕಾಡುಚಿಗುರು ಕಂಡರೆ ಕತ್ತರಿ ಹಾಕದೆ ಬುಡಸಮೇತ ಕಿತ್ತುಬಿಡಿ. ಕತ್ತರಿಸಿದಷ್ಟೂ ಹೆಚ್ಚು ಚಿಗುರುತ್ತದೆ.

ಪ್ರಶ್ನೆ: ಪಶ್ಚಿಮದ ಗೋಡೆಗೆ ಹಬ್ಬಿಸಬಹುದೇ?
– ಓದುಗರು, ಮಾಲೂರು

ಉತ್ತರ: ಪೂರ್ವದ ಗೋಡೆ ಇದ್ದರೆ ಅದೇ ಲೇಸು. ಪಶ್ಚಿಮದ ಗೋಡೆ ಮಾರ್ಚ್-ಏಪ್ರಿಲ್‌ನಲ್ಲಿ ಕಾದು, ಎಲೆಯಡಿ ಕೆಂಪು ನುಸಿ ಹೆಚ್ಚುತ್ತದೆ. ಅಲ್ಲೇ ನೆಡಬೇಕಾದರೆ ಗುಂಡಿ ಗೋಡೆಯಿಂದ ಒಂದೂವರೆ ಅಡಿ ದೂರವಿರಲಿ. ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲು ಹೊದಿಸಿ, ವಾರಕ್ಕೆರಡು ಬೆಳಗ್ಗೆ ಎಲೆಯ ಅಡಿಭಾಗಕ್ಕೆ ನೀರು ಚಿಮ್ಮಿಸಿ ತೊಳೆಯಿರಿ.